ಧನ ಫಂಕ್ಷನ್‌ಗೆ ಸೊನ್ನೆ ಉತ್ತರ: ನಿಶ್ಚಿತ ಅನುಕಲದಲ್ಲಿ ಟ್ಯಾನ್ ಸಬ್‌ಸ್ಟಿಟ್ಯೂಷನ್ ಕೈಕೊಡುವುದು ಎಲ್ಲಿ

ದೋಷದ ಲಕ್ಷಣ

ದ್ವಿತೀಯ ಪಿಯುಸಿ ಗಣಿತದಲ್ಲಿ ನಿಶ್ಚಿತ ಅನುಕಲದ ಗುಣಗಳನ್ನು ಕಲಿತು ಮುಗಿಸುವ ಹೊತ್ತಿಗೆ, ಆಮೇಲೆ ಸಿಇಟಿ, ಜೆಇಇ ತಯಾರಿಯಲ್ಲಿ ಮತ್ತೆ ಮತ್ತೆ, ಈ ಜಾತಿಯ ಲೆಕ್ಕ ಎದುರಾಗುತ್ತದೆ:

ಐ = ∫[0→π] θ / (4 ಕಾಸ್²θ + 9 ಸೈನ್²θ) ಡಿθ

ಹಂತಗಳೆಲ್ಲ ಸರಿಯಾಗಿಯೇ ಸಾಗುತ್ತವೆ. ಸೂತ್ರ ತಪ್ಪಿಲ್ಲ, ಚಿಹ್ನೆ ತಪ್ಪಿಲ್ಲ, ಕೂಡಿ ಕಳೆದದ್ದು ತಪ್ಪಿಲ್ಲ. ಆದರೂ ಕೊನೆಗೆ ಉತ್ತರ 0 ಎಂದು ಬಂದು ನಿಲ್ಲುತ್ತದೆ. ಸರಿಯುತ್ತರ π²/12, ಅಂದರೆ ಸುಮಾರು 0.822. ಇಲ್ಲಿ ಕೆಟ್ಟಿರುವುದು ಲೆಕ್ಕಾಚಾರವಲ್ಲ. ಒಂದು ಹಂತವನ್ನು ಬಳಸಲು ಇರಬೇಕಾದ ಷರತ್ತು ಇಲ್ಲಿ ಇಲ್ಲ, ಅಷ್ಟೆ. ಅದಕ್ಕೇ ಎಷ್ಟು ಸಲ ಮೇಲಿಂದ ಕೆಳಗೆ ತಿರುವಿ ನೋಡಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಬರವಣಿಗೆಯ ಕ್ರಮದ ಬಗ್ಗೆ ಒಂದು ಮಾತು. ಚರಾಕ್ಷರ ಇಲ್ಲಿ θ. ಚೌಕ ಕಂಸದೊಳಗೆ ಬಾಣದ ಎಡಕ್ಕೆ ಕೆಳ ಲಿಮಿಟ್, ಬಲಕ್ಕೆ ಮೇಲಿನ ಲಿಮಿಟ್. ಬದಲಿ ಚರಾಕ್ಷರಗಳಿಗೆ τ ಮತ್ತು ω ಬಳಸಿದೆ.

ಸೊನ್ನೆ ಬರುವ ದಾರಿ

ಸಾಲು 1: θ ಇರುವಲ್ಲಿ π − θ ಹಾಕಿ. ಕಾಸ್(π − θ) = −ಕಾಸ್θ, ಆದರೆ ವರ್ಗವಾದಾಗ ಋಣ ಚಿಹ್ನೆ ಹೋಗುತ್ತದೆ. ಸೈನ್ ಬದಲಾಗುವುದೇ ಇಲ್ಲ. ಹಾಗಾಗಿ ಛೇದ ಹಾಗೇ ಉಳಿದು, ಅಂಶದಲ್ಲಿ ಮಾತ್ರ π − θ ಬರುತ್ತದೆ.

ಸಾಲು 2: ಎರಡನ್ನೂ ಕೂಡಿಸಿದರೆ θ ಹೊರಟು ಹೋಗುತ್ತದೆ. 2ಐ = π · ಜೆ. ಇಲ್ಲಿ ಜೆ = ∫[0→π] ಡಿθ / (4 ಕಾಸ್²θ + 9 ಸೈನ್²θ).

ಸಾಲು 3: ಅಂಶ, ಛೇದ ಎರಡನ್ನೂ ಕಾಸ್²θ ಇಂದ ಭಾಗಿಸಿ. ಜೆ = ∫[0→π] ಸೆಕ್²θ / (4 + 9 ಟ್ಯಾನ್²θ) ಡಿθ.

ಸಾಲು 4: τ = ಟ್ಯಾನ್θ ಎಂದಿಟ್ಟುಕೊಳ್ಳಿ. ಡಿτ = ಸೆಕ್²θ ಡಿθ. θ = 0 ಆದಾಗ τ = 0. θ = π ಆದಾಗಲೂ τ = 0.

ಸಾಲು 5: ಜೆ = ∫[0→0] ಡಿτ / (4 + 9τ²) = 0. ಆದ್ದರಿಂದ ಐ = 0.

ನಿಜಕ್ಕೂ ದೋಷವಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಉತ್ತರ 0 ಬಂದ ಮಾತ್ರಕ್ಕೆ ತಪ್ಪಾಗಬೇಕಿಲ್ಲ. ∫[0→π] ಕಾಸ್θ ಡಿθ ನಿಜವಾಗಿಯೂ 0. ನೋಡಬೇಕಾದದ್ದು ಒಳಗಿರುವ ಫಂಕ್ಷನ್‌ನ ಚಿಹ್ನೆಯನ್ನು. 4 ಕಾಸ್²θ + 9 ಸೈನ್²θ ಎಂಬುದನ್ನು 4 + 5 ಸೈನ್²θ ಎಂದು ಬರೆದರೆ, ಅದು 4ಕ್ಕಿಂತ ಕಡಿಮೆಯಾಗದು, 9ಕ್ಕಿಂತ ಹೆಚ್ಚಾಗದು ಎಂಬುದು ತಕ್ಷಣ ಗೊತ್ತಾಗುತ್ತದೆ. ಅಂದರೆ ಒಳಗಿನ ಫಂಕ್ಷನ್ ಎಲ್ಲೆಡೆ 1/9 ಮತ್ತು 1/4ರ ನಡುವೆಯೇ ಇದೆ. ಅದನ್ನು π ಅಗಲದ ಮೇಲೆ ಹರಡಿದರೆ:

π/9 < ಜೆ < π/4, ಅಂದರೆ 0.349 < ಜೆ < 0.785.

ಐಗೂ ಹೀಗೆಯೇ. θ/9 ಮತ್ತು θ/4ರ ನಡುವೆ ಸಿಕ್ಕಿಕೊಂಡಿರುವ ಫಂಕ್ಷನ್ ಆದ್ದರಿಂದ π²/18 < ಐ < π²/8, ಅಂದರೆ 0.548 < ಐ < 1.234. ಸೊನ್ನೆ ಈ ಗಡಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ದೋಷ ಇರುವುದು ಖಚಿತ.

ಈ ಎರಡು ಗಡಿಗಳನ್ನು ಉತ್ತರ ಪತ್ರಿಕೆಯ ಬಲ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಟ್ಟುಕೊಳ್ಳಿ. ಅರ್ಧ ನಿಮಿಷದ ಕೆಲಸ, ಆದರೆ ಮುಂದೆ ಮಾಡುವ ಇನ್ನೂ ಮೂರ್ನಾಲ್ಕು ತಪ್ಪುಗಳನ್ನು ಇದೇ ಹಿಡಿದು ಕೊಡುತ್ತದೆ. ಅವು ಯಾವುವೆಂದು ಕೆಳಗೆ ಇದೆ.

ದೋಷ ಯಾವ ಸಾಲಿನಲ್ಲಿದೆ

ಐದು ಸಾಲನ್ನೂ ಸುಮ್ಮನೆ ಮತ್ತೆ ಓದಬೇಡಿ. ಜೆ ಬೆಲೆಯನ್ನು ಬೇರೆ ದಾರಿಯಲ್ಲಿ ಅಂದಾಜು ಮಾಡಿ, ಪ್ರತಿ ಸಾಲಿನೊಂದಿಗೆ ತಾಳೆ ನೋಡಿ. ಎಲ್ಲಿ ತಾಳೆ ತಪ್ಪುತ್ತದೋ ಅಲ್ಲೇ ದೋಷ.

ಅಂದಾಜಿಗೆ ಕ್ಯಾಲ್ಕುಲೇಟರ್ ಬೇಕಿಲ್ಲ. 0ಯಿಂದ π ವರೆಗಿನ ಅಂತರವನ್ನು 30 ಡಿಗ್ರಿಯ ಆರು ಭಾಗ ಮಾಡಿ. ಆಯಾ ಜಾಗದಲ್ಲಿ ಫಂಕ್ಷನ್‌ನ ಬೆಲೆ:

0° → 1/4 = 0.2500
30° → 4/21 = 0.1905
60° → 4/31 = 0.1290
90° → 1/9 = 0.1111
120° → 4/31 = 0.1290
150° → 4/21 = 0.1905

180°ಯಲ್ಲಿ ಮತ್ತೆ 1/4. ಟ್ರೆಪೀಜಿಯಂ ಕ್ರಮದಲ್ಲಿ ಎರಡು ತುದಿಗಳಿಗೆ ಅರ್ಧರ್ಧ ತೂಕ, ಆದ್ದರಿಂದ ಎರಡು 1/4 ಸೇರಿ ಒಂದೇ 1/4 ಆಗುತ್ತದೆ. ಮೇಲಿನ ಆರು ಬೆಲೆಗಳ ಮೊತ್ತ 1.0001. ಅದನ್ನು π/6 ಇಂದ ಗುಣಿಸಿದರೆ 0.5237. ನಿಜವಾದ ಬೆಲೆ π/6 = 0.5236. ನಾಲ್ಕನೇ ದಶಮಾಂಶದಲ್ಲಷ್ಟೇ ವ್ಯತ್ಯಾಸ! ಪೂರ್ತಿ ಒಂದು ಆವರ್ತದ ಮೇಲೆ ಅನುಕಲಿಸುವಾಗ ಈ ಸರಳ ಕ್ರಮ ಬಹಳ ನಿಖರವಾಗಿ ಕೆಲಸ ಮಾಡುತ್ತದೆ. ನಮ್ಮ ಫಂಕ್ಷನ್‌ನ ಆವರ್ತ π, ಅಂತರವೂ π. 45 ಡಿಗ್ರಿಯ ನಾಲ್ಕೇ ಭಾಗ ಮಾಡಿದರೂ 0.5253 ಸಿಗುತ್ತದೆ, ದೋಷ ಪತ್ತೆಗೆ ಅಷ್ಟು ಧಾರಾಳ ಸಾಕು.

ಈಗ ತಾಳೆ ನೋಡೋಣ. ಸಾಲು 2ರ ಜೆ 0.5237. ಸಾಲು 3ರಲ್ಲಿ ಇರುವುದೂ ಅದೇ ಫಂಕ್ಷನ್, ಬರೆದ ರೂಪ ಬೇರೆ ಅಷ್ಟೆ. 90°ಯ ಒಂದು ಬಿಂದುವಿನಲ್ಲಿ ಸೆಕ್, ಟ್ಯಾನ್ ಎರಡಕ್ಕೂ ಬೆಲೆ ಇಲ್ಲ ನಿಜ, ಆದರೆ ಒಂದು ಬಿಂದು ತಪ್ಪಿದರೆ ವಿಸ್ತೀರ್ಣ ಬದಲಾಗದು. 30°ಯಲ್ಲಿ ಹಾಕಿ ನೋಡಿ: ಸೆಕ್² = 4/3, ಟ್ಯಾನ್² = 1/3, ಬೆಲೆ (4/3)/7 = 4/21. ಸರಿಯಾಗಿದೆ. ಹಾಗಾದರೆ ಸಾಲು 3ರ ವರೆಗೆ ಎಲ್ಲವೂ ಕ್ಷೇಮ. ಸಾಲು 5ರಲ್ಲಿ 0. ಕೆಟ್ಟಿರುವುದು ಸಾಲು 4, ಅಂದರೆ ಲಿಮಿಟ್ ಬದಲಾಯಿಸಿದ ಜಾಗ.

ಸಾಲು 4ರಲ್ಲಿ ಆದದ್ದೇನು

ಸಬ್‌ಸ್ಟಿಟ್ಯೂಷನ್ ಬಳಸಿ ಲಿಮಿಟ್ ಬದಲಾಯಿಸಲು ಒಂದು ಷರತ್ತಿದೆ. ಕೆಳ ಲಿಮಿಟ್‌ನಿಂದ ಮೇಲಿನ ಲಿಮಿಟ್‌ವರೆಗೆ ಹೊಸ ಚರಾಕ್ಷರ ಎಲ್ಲಿಯೂ ಕಡಿಯದೆ ಸಾಗಬೇಕು, ಅದರ ಡೆರಿವೇಟಿವ್ ಕೂಡ. ಎರಡು ತುದಿಗಳಲ್ಲಿ ಬೆಲೆ ಸಿಕ್ಕರೆ ಸಾಲದು. ಟ್ಯಾನ್θ 0ಯಿಂದ ಹೊರಟು 90°ಯ ಹತ್ತಿರ ಮೇಲಕ್ಕೆ ಮಿತಿಯಿಲ್ಲದೆ ಏರುತ್ತದೆ, 90° ದಾಟಿದ ಕೂಡಲೇ ಋಣ ಬದಿಯ ತಳದಿಂದ ಮತ್ತೆ ಏರುತ್ತ ಬಂದು 180°ಯಲ್ಲಿ 0 ಮುಟ್ಟುತ್ತದೆ. ಸಾಲು 4ರಲ್ಲಿ ತುದಿಗಳನ್ನು ಮಾತ್ರ ನೋಡಿದ್ದರಿಂದ ನಡುವಿನ ಈ ಕಡಿತ ಲೆಕ್ಕಕ್ಕೆ ಬರಲೇ ಇಲ್ಲ.

ಇದನ್ನು ಆಂಟಿಡೆರಿವೇಟಿವ್ ಮೂಲಕ ನೋಡಿದರೆ ಇನ್ನೂ ಸ್ಪಷ್ಟ. ಸಾಲು 3ರಿಂದ ಸಿಗುವ ಆಂಟಿಡೆರಿವೇಟಿವ್:

Φ(θ) = (1/6) ಟ್ಯಾನ್⁻¹( (3/2) ಟ್ಯಾನ್θ )

ಇದನ್ನು ಅವಕಲಿಸಿದರೆ ಒಳಗಿನ ಫಂಕ್ಷನ್ ಮರಳಿ ಬರುತ್ತದೆ. ಹಾಗಾಗಿ ಅವಕಲಿಸಿ ತಾಳೆ ನೋಡುವ ಮಾಮೂಲಿ ಪರೀಕ್ಷೆ ಈ ದೋಷವನ್ನು ಹಿಡಿಯುವುದಿಲ್ಲ. ಬೆಲೆಗಳನ್ನೇ ಬರೆದು ನೋಡಬೇಕು:

0° → 0
30° → 0.119
60° → 0.2006
89° → 0.2599
91° → −0.2599
120° → −0.2006
150° → −0.119
180° → 0

ಒಳಗಿನ ಫಂಕ್ಷನ್ ಧನ. ಆದ್ದರಿಂದ ಕೂಡುತ್ತ ಹೋಗುವ ವಿಸ್ತೀರ್ಣ ಏರುತ್ತಲೇ ಇರಬೇಕು. ಇಲ್ಲಿ 89°ಯಿಂದ 91°ಗೆ ಹೋಗುವಷ್ಟರಲ್ಲಿ 0.52ರಷ್ಟು ಒಮ್ಮೆಲೇ ಕುಸಿದಿದೆ. 90°ಗೆ ಎಡದಿಂದ ಹತ್ತಿರವಾದರೆ Φ ತಲುಪುವುದು π/12, ಬಲದಿಂದ ಬಂದರೆ −π/12. ಕುಸಿತದ ನಿಖರ ಅಳತೆ π/6. ನಮಗೆ ಸಿಗಬೇಕಾಗಿದ್ದ ಜೆ ಕೂಡ π/6. ಕಳೆದುಹೋದ ಉತ್ತರ ಪೂರ್ತಿಯಾಗಿ ಆ ಒಂದು ಬಿಂದುವಿನ ಕುಸಿತದಲ್ಲೇ ಅಡಗಿದೆ.

ಮೇಲಿನ ಲಿಮಿಟ್‌ನ ಬೆಲೆಯಿಂದ ಕೆಳ ಲಿಮಿಟ್‌ನ ಬೆಲೆ ಕಳೆಯುವ ಮೂಲ ಪ್ರಮೇಯ ಅನ್ವಯವಾಗಬೇಕಾದರೆ Φ ಇಡೀ ಅಂತರದಲ್ಲಿ ಕಂಟಿನ್ಯುವಸ್ ಆಗಿರಬೇಕು. ಸೂತ್ರವನ್ನು ಬಾಯಿಪಾಠ ಮಾಡುವಾಗ ಬಿಟ್ಟುಹೋಗುವುದು ಈ ಅರ್ಧ ವಾಕ್ಯವೇ. ಅನಿಶ್ಚಿತ ಅನುಕಲಕ್ಕೆ ಬರೆದ ಉತ್ತರವನ್ನು ನಿಶ್ಚಿತ ಅನುಕಲಕ್ಕೆ ಹಾಗೇ ತಂದು ಲಿಮಿಟ್ ಹಾಕುವ ಪ್ರತಿಯೊಂದು ಸಲವೂ ಈ ಷರತ್ತನ್ನು ಕೇಳಿಕೊಳ್ಳಬೇಕು.

ಸರಿಪಡಿಸುವ ದಾರಿಗಳು

ಬೋರ್ಡ್ ಪರೀಕ್ಷೆಗೆ ಎಲ್ಲಕ್ಕಿಂತ ಸುರಕ್ಷಿತವಾದದ್ದು ಮಡಚುವ ದಾರಿ. ಸಾಲು 2 ಆದ ಕೂಡಲೇ, ಭಾಗಿಸುವ ಮೊದಲೇ, π − θ ಹಾಕಿದರೆ ಜೆಯ ಒಳಗಿನ ಫಂಕ್ಷನ್ ಬದಲಾಗುವುದಿಲ್ಲ ಎಂದು ಒಂದು ಸಾಲು ಬರೆಯಿರಿ. ಆಗ 0ಯಿಂದ 2α ವರೆಗಿನ ಅನುಕಲದ ಗುಣದ ಪ್ರಕಾರ ಜೆ = 2 ∫[0→π/2] ಡಿθ / (4 ಕಾಸ್²θ + 9 ಸೈನ್²θ). ಈಗ ಕಾಸ್²θ ಇಂದ ಭಾಗಿಸಿ τ = ಟ್ಯಾನ್θ ಇಟ್ಟರೆ τ 0ಯಿಂದ ಅನಂತಕ್ಕೆ ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ಕಡಿತ ನಡುವೆ ಇಲ್ಲ, ತುದಿಗೆ ಸರಿದಿದೆ.

ಜೆ = 2 ∫[0→∞] ಡಿτ / (4 + 9τ²)
= 2 · (1/6) · ಟ್ಯಾನ್⁻¹(3τ/2), 0ಯಿಂದ ∞ ವರೆಗೆ
= (1/3)(π/2) = π/6

ಐ = (π/2)(π/6) = π²/12 ≈ 0.822. ಎರಡು ಗಡಿಗಳ ಒಳಗಿದೆ.

ನಡುವಿನ 1/6 ಎಲ್ಲಿಂದ ಬಂತು ಎಂಬುದನ್ನು ಬಿಡಿಸಿ ಬರೆಯುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರು ಎಡವುವ ಎರಡನೇ ಜಾಗ ಅದು. 4 + 9τ² = 9(τ² + (2/3)²). ಹೊರಗೆ 1/9, ಸೂತ್ರದಿಂದ 3/2, ಎರಡೂ ಸೇರಿ 1/6. ಇಲ್ಲಿ ಆಗುವ ತಪ್ಪುಗಳನ್ನು ಅಂಚಿನಲ್ಲಿ ಬರೆದಿಟ್ಟ ಗಡಿಗಳು ಹೇಗೆ ಹಿಡಿಯುತ್ತವೆ ನೋಡಿ. τಯ ಗುಣಾಂಕ 3ರಿಂದ ಭಾಗಿಸುವುದನ್ನು ಮರೆತು 1/2 ಎಂದು ಬರೆದರೆ ಜೆ = π/2 = 1.571 ಬರುತ್ತದೆ, 0.785ನ್ನು ದಾಟಿತು. 3/2ನ್ನು ತಲೆಕೆಳಗು ಮಾಡಿ 2/3 ಹಾಕಿದರೆ ಜೆ = 2π/27 = 0.233, 0.349ಕ್ಕಿಂತ ಕೆಳಗೆ ಬಿತ್ತು. 3/2ನ್ನು ಬಿಟ್ಟೇಬಿಟ್ಟು ಬರೀ 1/9 ಇಟ್ಟರೆ ಜೆ ಸರಿಯಾಗಿ π/9 ಬರುತ್ತದೆ, ಅಂದರೆ ಕೆಳಗಡಿಯ ಮೇಲೇ ಕೂರುತ್ತದೆ. ಅದೂ ಅಸಾಧ್ಯ, ಏಕೆಂದರೆ ಫಂಕ್ಷನ್ 1/9ನ್ನು ಮುಟ್ಟುವುದು 90°ಯಲ್ಲಿ ಮಾತ್ರ, ಉಳಿದೆಡೆ ಅದಕ್ಕಿಂತ ಹೆಚ್ಚು.

ಗಡಿಗೆ ಸಿಗದೆ ತಪ್ಪಿಸಿಕೊಳ್ಳುವ ತಪ್ಪೂ ಒಂದಿದೆ. ಟ್ಯಾನ್⁻¹ ಒಳಗೆ 3τ/2 ಬದಲು 2τ/3 ಬರೆದರೂ, ಲಿಮಿಟ್ 0 ಮತ್ತು ∞ ಆಗಿರುವಷ್ಟು ಕಾಲ ಉತ್ತರ ಬದಲಾಗುವುದಿಲ್ಲ. ಲಿಮಿಟ್ π/4 ಆದ ದಿನ ಅದು ಹೊರಬೀಳುತ್ತದೆ. ಉತ್ತರ ಸರಿ ಬಂತೆಂದು ಈ ಸಾಲನ್ನು ನೋಡದೇ ಬಿಡಬೇಡಿ. ಮೌಲ್ಯಮಾಪಕರು ಹಂತಕ್ಕೆ ಅಂಕ ಕೊಡುವಾಗ ಇದನ್ನು ನೋಡುತ್ತಾರೆ.

ಅನಂತ ಎಂಬ ಲಿಮಿಟ್ ಬರೆಯಲು ಇಷ್ಟವಿಲ್ಲದಿದ್ದರೆ ಅರ್ಧಕ್ಕೆ ಮಡಚಿದ ಮೇಲೆ π/4ರಲ್ಲಿ ಇನ್ನೊಮ್ಮೆ ಒಡೆಯಿರಿ. 0ಯಿಂದ π/4 ವರೆಗಿನ ಭಾಗದಲ್ಲಿ ಕಾಸ್²θ ಇಂದ ಭಾಗಿಸಿ τ = ಟ್ಯಾನ್θ, π/4ರಿಂದ π/2 ವರೆಗಿನ ಭಾಗದಲ್ಲಿ ಸೈನ್²θ ಇಂದ ಭಾಗಿಸಿ ω = ಕಾಟ್θ. ಎರಡೂ 0 ಮತ್ತು 1ರ ನಡುವೆಯೇ ಇರುತ್ತವೆ. ಮೊದಲನೆಯದು (1/6) ಟ್ಯಾನ್⁻¹(3/2), ಎರಡನೆಯದು (1/6) ಟ್ಯಾನ್⁻¹(2/3). ಒಂದಕ್ಕೊಂದು ವ್ಯುತ್ಕ್ರಮವಾದ ಎರಡು ಧನ ಸಂಖ್ಯೆಗಳ ಟ್ಯಾನ್⁻¹ ಕೂಡಿದರೆ π/2, ಆದ್ದರಿಂದ ಮೊತ್ತ π/12, ಅದರ ಎರಡರಷ್ಟು π/6. ಒಂದು ಸಾಲು ಹೆಚ್ಚಾದರೂ ಯಾವ ಹಂತಕ್ಕೂ ಆಕ್ಷೇಪ ಎತ್ತಲಾಗದ ದಾರಿ ಇದು.

ಬಹಳ ಚೊಕ್ಕವಾದ ಮತ್ತೊಂದು ದಾರಿಯಲ್ಲಿ ಮಡಚುವುದೂ ಬೇಡ, ಒಡೆಯುವುದೂ ಬೇಡ. ಸಾಲು 3ರಲ್ಲಿ ಕಾಸ್²θ ಬದಲು ಸೈನ್²θ ಇಂದ ಭಾಗಿಸಿ:

ಜೆ = ∫[0→π] ಕೊಸೆಕ್²θ / (4 ಕಾಟ್²θ + 9) ಡಿθ

ಕಾಟ್ ಕಡಿಯುವುದು 0 ಮತ್ತು πಯಲ್ಲಿ. ಅವು ನಮ್ಮ ಅಂತರದ ತುದಿಗಳೇ! ನಡುವೆ ಎಲ್ಲೂ ಕಡಿತವಿಲ್ಲ, +∞ ಇಂದ −∞ಗೆ ಒಂದೇ ಸಮನೆ ಇಳಿಯುತ್ತದೆ. ಡಿω = −ಕೊಸೆಕ್²θ ಡಿθ ಆದ್ದರಿಂದ ಆ ಋಣ ಚಿಹ್ನೆ ಲಿಮಿಟ್‌ಗಳನ್ನು ತಿರುಗಿಸುತ್ತದೆ. ಜೆ = ∫[−∞→∞] ಡಿω / (4ω² + 9) = (1/6)(π/2 + π/2) = π/6. ಇಲ್ಲಿ ಋಣ ಚಿಹ್ನೆ ಮರೆತರೆ −π/6 ಬರುತ್ತದೆ, ಅದನ್ನೂ ಗಡಿ ಹಿಡಿಯುತ್ತದೆ. ಸಿಇಟಿಯಂಥ ಸಮಯದ ಒತ್ತಡದ ಪರೀಕ್ಷೆಗೆ ನಮ್ಮ ಸಲಹೆ ಇದೇ ದಾರಿ. ಅಂತರ 0ಯಿಂದ π ಇದ್ದರೆ ಕಾಟ್, −π/2 ಇಂದ π/2 ಇದ್ದರೆ ಟ್ಯಾನ್. ಕಡಿತವನ್ನು ತುದಿಗೆ ತಳ್ಳುವಂಥದ್ದನ್ನು ಆರಿಸಿಕೊಳ್ಳಿ.

ಆಂಟಿಡೆರಿವೇಟಿವನ್ನೇ ದುರಸ್ತಿ ಮಾಡಲೂಬಹುದು. ಟ್ಯಾನ್⁻¹((3/2) ಟ್ಯಾನ್θ) ಇಂದ θ ಕಳೆದು, ಟ್ಯಾನ್⁻¹ ವ್ಯತ್ಯಾಸದ ಸೂತ್ರ ಹಾಕಿ ಸರಳಗೊಳಿಸಿದರೆ ಸಿಗುವುದು:

Φ(θ) = (1/6) [ θ + ಟ್ಯಾನ್⁻¹( ಸೈನ್θ ಕಾಸ್θ / (2 ಕಾಸ್²θ + 3 ಸೈನ್²θ) ) ]

ಈ ರೂಪದಲ್ಲಿ ಛೇದ ಎಂದಿಗೂ ಸೊನ್ನೆಯಾಗದು, 2ಕ್ಕೂ 3ಕ್ಕೂ ನಡುವೆಯೇ ಇರುತ್ತದೆ. ಹಾಗಾಗಿ ಎಲ್ಲೂ ಕಡಿತವಿಲ್ಲ. 0ಯಲ್ಲಿ 0, πಯಲ್ಲಿ π/6. ಲಿಮಿಟ್ ಯಾವುದೇ ಇರಲಿ, ನೇರವಾಗಿ ಹಾಕಿ ಕಳೆಯಬಹುದು. ಪರೀಕ್ಷೆಯಲ್ಲಿ ಇದನ್ನು ಹುಟ್ಟಿಸುತ್ತ ಕೂರಲು ಸಮಯವಿರುವುದಿಲ್ಲ, ಆದರೆ ಮನೆಯಲ್ಲಿ ಒಮ್ಮೆ ಮಾಡಿ ನೋಡಿದರೆ ಇಡೀ ವಿಷಯ ಕೈಗೆ ಹತ್ತುತ್ತದೆ.

ಅದೇ ಲೆಕ್ಕದಲ್ಲಿ ಬೇರೆ ಕಡೆ ಆಗುವ ತಪ್ಪು

θ ಇನ್ನೂ ಅಂಶದಲ್ಲಿ ಇರುವಾಗಲೇ, ಅಂದರೆ ಸಾಲು 1ಕ್ಕೂ ಮೊದಲು, ಐಯನ್ನು 2 ∫[0→π/2] ಎಂದು ಮಡಚಿಬಿಡುವುದು ಬಹಳ ಸಾಮಾನ್ಯ. ಛೇದಕ್ಕೆ ಸಮಮಿತಿ ಇದೆ, ಆದರೆ ಅಂಶದ θಗೆ ಇಲ್ಲ. ಹೀಗೆ ಮಡಚಿದರೆ ಸಿಗುವ ಬೆಲೆ ಸುಮಾರು 0.344. ಐಯ ಕೆಳಗಡಿ 0.548 ಇದನ್ನು ಒಪ್ಪುವುದಿಲ್ಲ. ಇದರ ಇನ್ನೊಂದು ಗುರುತು: ಮುಂದಿನ ಹಂತದಲ್ಲಿ π/2 − θ ಹಾಕಿದಾಗ ಸೈನ್, ಕಾಸ್ ಅದಲುಬದಲಾಗಿ ಛೇದ 4 ಸೈನ್²θ + 9 ಕಾಸ್²θ ಆಗುತ್ತದೆ, ಎರಡು ಅನುಕಲಗಳನ್ನು ಕೂಡಿಸಲು ಆಗುವುದಿಲ್ಲ. ಅಲ್ಲಿ ಸಿಕ್ಕಿಹಾಕಿಕೊಂಡರೆ ಮಡಚಿದ ಸಾಲಿಗೆ ಹಿಂತಿರುಗಿ. ಮೊದಲು θ ತೆಗೆಯಬೇಕು, ಆಮೇಲೆ ಮಡಚಬೇಕು. ಈ ಕ್ರಮ ಬದಲಾಗಬಾರದು.

ಸಂಖ್ಯೆಗಳ ಬದಲು ಅಕ್ಷರ ಕೊಟ್ಟಾಗ, ಅಂದರೆ ಛೇದ α² ಕಾಸ್²θ + β² ಸೈನ್²θ ಆಗಿದ್ದಾಗ, ಉತ್ತರ π²/(2αβ). ಇದಕ್ಕೆ α, β ಎರಡೂ ಧನವಾಗಿರಬೇಕು. ಛೇದದಲ್ಲಿ ಇರುವುದು ವರ್ಗಗಳು, α ಜಾಗದಲ್ಲಿ −2 ಹಾಕಿದರೂ ಅನುಕಲ ಬದಲಾಗದು, ಆದರೆ ಸೂತ್ರ ಋಣವಾಗಿಬಿಡುತ್ತದೆ. ಪ್ರಶ್ನೆಯಲ್ಲಿ ಹೇಳಿರದಿದ್ದರೆ α > 0, β > 0 ಎಂದು ನೀವೇ ಬರೆದುಕೊಳ್ಳಿ. ಸೂತ್ರ ನೆನಪಿದೆಯೋ ಇಲ್ಲವೋ ಎಂಬ ಅನುಮಾನ ಬಂದರೆ α = β = 2 ಹಾಕಿ ನೋಡಿ. ಛೇದ ಬರೀ 4, ಅನುಕಲ ∫[0→π] θ/4 ಡಿθ = π²/8. ಸೂತ್ರವೂ π²/8 ಕೊಡಬೇಕು.

ಉತ್ತರದಲ್ಲಿ π ಇರಬೇಕಾದ ಕಡೆ 90 ಅಥವಾ 180 ಕಂಡರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ ಎಂದರ್ಥ. ಬೆಲೆ ಹುಡುಕಲು 30°, 60° ಎಂದು ಬರೆಯಬಹುದು. ಆದರೆ ಅಗಲವನ್ನು, ಟ್ಯಾನ್⁻¹ ಬೆಲೆಯನ್ನು ರೇಡಿಯನ್‌ನಲ್ಲೇ ಇಡಬೇಕು.

ಹೊರಗಿನಿಂದ ಹೀಗೇ ಕಾಣುವ ಬೇರೆ ದೋಷಗಳು

τ = ಸೈನ್θ ಇಟ್ಟಾಗಲೂ 0ಯಿಂದ πಗೆ ಹೋದರೆ ಲಿಮಿಟ್ 0, 0 ಬರುತ್ತದೆ. ಆದರೆ ಇಲ್ಲಿ ಕಾರಣ ಬೇರೆ, ಏಕೆಂದರೆ ಸೈನ್ ಎಲ್ಲೂ ಕಡಿಯುವುದಿಲ್ಲ. ∫[0→π] ಸೈನ್²θ ಕಾಸ್θ ಡಿθ ಎಂಬುದಕ್ಕೆ τ = ಸೈನ್θ ಇಟ್ಟು 0 ಬಂದರೆ ಅದು ನಿಜವಾದ ಉತ್ತರ. ಅದೇ ∫[0→π] ಸೈನ್θ ಡಿθ ಎಂಬುದಕ್ಕೆ ಹಾಗೆ ಮಾಡಿದರೆ 2 ಬದಲು 0 ಬರುತ್ತದೆ. ಎರಡಕ್ಕೂ ವ್ಯತ್ಯಾಸವೇನು? ಮೊದಲನೆಯದರಲ್ಲಿ ಡಿτಗೆ ಬೇಕಾದ ಕಾಸ್θ ಆಗಲೇ ಇದೆ. ಎರಡನೆಯದರಲ್ಲಿ ಇಲ್ಲ, ಅದಕ್ಕಾಗಿ ಡಿθ = ಡಿτ/√(1 − τ²) ಎಂದು ಬರೆಯುತ್ತೇವೆ. ಹಾಗೆ ಬರೆದಾಗ ಕಾಸ್θ ಧನ ಎಂದು ಒಪ್ಪಿಕೊಂಡಂತಾಯಿತು. 90° ದಾಟಿದ ಮೇಲೆ ಅದು ಋಣ. ವರ್ಗಮೂಲ ಬರೆದ ಸಾಲಿನಲ್ಲೇ ದೋಷ ಹುಡುಕಬೇಕು, ಲಿಮಿಟ್‌ನಲ್ಲಲ್ಲ. ∫[0→π] √(1 − ಸೈನ್²θ) ಡಿθ ಎಂಬುದನ್ನು ∫[0→π] ಕಾಸ್θ ಡಿθ = 0 ಎಂದು ಬರೆಯುವುದೂ ಇದೇ ಕಾಯಿಲೆ. ಬರೆಯಬೇಕಾದದ್ದು |ಕಾಸ್θ|, ಉತ್ತರ 2.

τ = ಟ್ಯಾನ್(θ/2) ಬಳಸುವವರು ಅಂತರ 0ಯಿಂದ 2π ಇದ್ದಾಗ ಎಚ್ಚರವಾಗಿರಬೇಕು. ಟ್ಯಾನ್(θ/2) ಕಡಿಯುವುದು θ = πಯಲ್ಲಿ, ಸರಿಯಾಗಿ ನಡುವೆ. ∫[0→2π] ಡಿθ / (5 + 4 ಕಾಸ್θ) ತೆಗೆದುಕೊಳ್ಳಿ. ನೇರವಾಗಿ ಮಾಡಿದರೆ 0. ಒಳಗಿನ ಫಂಕ್ಷನ್ 1/9 ಮತ್ತು 1ರ ನಡುವೆ ಇದೆ, ಆದ್ದರಿಂದ ಉತ್ತರ 0.698 ಮತ್ತು 6.283ರ ನಡುವೆ ಇರಬೇಕು. 2π − θ ಹಾಕಿದರೆ ಬದಲಾಗದು, ಹಾಗಾಗಿ 2 ∫[0→π] ಎಂದು ಮಡಚಿ. 5 + 4 ಕಾಸ್θ = (9 + τ²)/(1 + τ²), ಡಿθ = 2 ಡಿτ/(1 + τ²). ಸೇರಿಸಿದರೆ 4 ∫[0→∞] ಡಿτ/(9 + τ²) = 4 · (1/3) · (π/2) = 2π/3 ≈ 2.094.

ಕೊನೆಯದಾಗಿ, ∫[−1→1] ಡಿθ/θ² ಕೂಡ ಮೇಲ್ನೋಟಕ್ಕೆ ಇದೇ ಗುಂಪಿನದು ಅನ್ನಿಸುತ್ತದೆ: ಆಂಟಿಡೆರಿವೇಟಿವ್ −1/θ, ಲಿಮಿಟ್ ಹಾಕಿದರೆ −2, ಧನ ಫಂಕ್ಷನ್‌ಗೆ ಋಣ ಉತ್ತರ. ಆದರೆ ಇಲ್ಲಿ ಒಡೆದರೂ ಪ್ರಯೋಜನವಿಲ್ಲ. 0ಯ ಹತ್ತಿರ ಒಳಗಿನ ಫಂಕ್ಷನ್ನೇ ಮಿತಿಯಿಲ್ಲದೆ ಬೆಳೆಯುತ್ತದೆ, ವಿಸ್ತೀರ್ಣ ಅನಂತ, ಈ ಅನುಕಲಕ್ಕೆ ಬೆಲೆಯೇ ಇಲ್ಲ. ಆದ್ದರಿಂದ ಕಡಿತ ಕಂಡ ಕೂಡಲೇ ಮೊದಲು ಕೇಳಬೇಕಾದದ್ದು, ಕಡಿದಿರುವುದು ಒಳಗಿನ ಫಂಕ್ಷನ್ನೋ ಅಥವಾ ನಾವು ತಂದ ಸಬ್‌ಸ್ಟಿಟ್ಯೂಷನ್ನೋ ಎಂದು. ನಮ್ಮ ಮೂಲ ಲೆಕ್ಕದಲ್ಲಿ 90°ಯಲ್ಲಿ ಫಂಕ್ಷನ್ 1/9, ಸಂಪೂರ್ಣ ಆರೋಗ್ಯವಾಗಿದೆ. ಕಡಿದದ್ದು ಟ್ಯಾನ್ ಮಾತ್ರ, ಅದಕ್ಕೇ ದುರಸ್ತಿ ಸಾಧ್ಯವಾಯಿತು.

ಕೈ ಪಳಗಿಸಿಕೊಳ್ಳಲು ಎರಡು ಲೆಕ್ಕ. ∫[0→π] θ / (1 + ಸೈನ್²θ) ಡಿθ: 1ನ್ನು ಕಾಸ್²θ + ಸೈನ್²θ ಎಂದು ಬರೆದರೆ ಛೇದ ಕಾಸ್²θ + 2 ಸೈನ್²θ ಆಗುತ್ತದೆ, ಉತ್ತರ π²/(2√2) ≈ 3.489. ಗಡಿಗಳು π²/4 = 2.467 ಮತ್ತು π²/2 = 4.935. ಇನ್ನೊಂದು, ನಮ್ಮ ಜೆಯನ್ನೇ 0ಯಿಂದ 2π ವರೆಗೆ ಚಾಚಿದ್ದು. ಅಲ್ಲಿ ಟ್ಯಾನ್ ಎರಡು ಕಡೆ ಕಡಿಯುತ್ತದೆ, π/2 ಮತ್ತು 3π/2ರಲ್ಲಿ. ಕಾಟ್ ಕೂಡ ಈ ಸಲ ನಡುವೆ πಯಲ್ಲಿ ಕಡಿಯುತ್ತದೆ, ಹಾಗಾಗಿ ಒಂದೇ ಏಟಿಗೆ ಮುಗಿಯುವುದಿಲ್ಲ. ಎರಡು ಸಲ ಮಡಚಿ 4 ∫[0→π/2] ಮಾಡಿಕೊಳ್ಳಿ. ಉತ್ತರ π/3.